ಚಿಕ್ಕಪೇಟೆಯಲ್ಲೊಂದು ಭಾನುವಾರ

ಬೆಂಗಳೂರಿನ ಚಿಕ್ಕಪೇಟೆಗೆ ವಾರದ ಆರು ದಿನ ಒಂದು ಮುಖ, ಭಾನುವಾರ ಇನ್ನೊಂದು. ಅಂದು ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಆಸುಪಾಸಿನ ಅನೇಕ ಅಂಗಡಿಗಳು ಬಾಗಿಲೆಳೆದುಕೊಂಡಿರುತ್ತವೆ. ಮುಚ್ಚಿದ ಆ ಬಾಗಿಲುಗಳ ಮುಂದೆಯೇ, ಮೆಟ್ಟಿಲ ಮೇಲೆ, ಪಾದಚಾರಿ ಹಾದಿಯ ಮೇಲೆ, ಗೋಣಿತಾಟು, ಪ್ಲಾಸ್ಟಿಕ್ ಹಾಳೆ ಹಾಸಿಕೊಂಡು ಮತ್ತೊಂದು ಪೇಟೆ ಬೆಳಕು ಹರಿಯುವ ಮೊದಲೇ ನೆರೆದುಬಿಡುತ್ತದೆ. ನಿಂತ ಗಡಿಯಾರ, ಒಂಟಿ ಸ್ಪೀಕರು, ಹಿಡಿ ಇಲ್ಲದ ಇಸ್ತ್ರಿಪೆಟ್ಟಿಗೆ, ಹಿತ್ತಾಳೆ ಬೀಗ, ಫಿಲಂ ಹಾಕುವ ಕ್ಯಾಮೆರಾ, ಯಾರದೋ ಮದುವೆಯ ಹೆಸರು ಕೊರೆದ ಸ್ಟೀಲ್ ಲೋಟ, ಹೀಗೆ ಮನುಷ್ಯ ಬೇಡವೆಂದದ್ದೆಲ್ಲ ಅಲ್ಲಿ ಸಿಗುತ್ತದೆ. ಜನ ಇದನ್ನು ಸಂಡೇ ಬಜಾರ್ ಎನ್ನುತ್ತಾರೆ, ಚೋರ್ ಬಜಾರ್ ಎಂದೂ ಕರೆಯುತ್ತಾರೆ. ಹಾಗೆ ಕರೆದರೆ ಅಲ್ಲಿನವರಿಗೆ ಸಿಟ್ಟು ಬರುತ್ತದೆ, ಬರಬೇಕಾದದ್ದೇ. ಗುಜರಿಗೆ ಹೋದ ಸಾಮಾನನ್ನು ತಂದು, ಒರೆಸಿ, ರಿಪೇರಿ ಮಾಡಿ ಮಾರುವವರೇ ಅವರಲ್ಲಿ ಬಹಳ ಮಂದಿ.

ಪೇಟೆಗೆ ಇದು ಹೊಸ ಕಸುಬೇನಲ್ಲ. 1537ರಲ್ಲಿ ಕೆಂಪೇಗೌಡರು ಊರು ಕಟ್ಟಿದಾಗ ಉತ್ತರ–ದಕ್ಷಿಣಕ್ಕೆ ದೊಡ್ಡಪೇಟೆ, ಪೂರ್ವ–ಪಶ್ಚಿಮಕ್ಕೆ ಚಿಕ್ಕಪೇಟೆ ಎಂದು ಬೀದಿಗಳನ್ನು ಹಾಕಿಸಿದರಂತೆ. ನೇಗಿಲು ಕಟ್ಟಿದ ಎತ್ತುಗಳನ್ನು ನಾಲ್ಕು ದಿಕ್ಕಿಗೆ ಹೊಡೆದದ್ದು ಇವೆರಡೂ ಕೂಡುವ ಚೌಕದಿಂದಲೇ ಎಂಬ ಐತಿಹ್ಯವಿದೆ. ದೊಡ್ಡಪೇಟೆಯೇ ಇಂದಿನ ಅವೆನ್ಯೂ ರಸ್ತೆ. 2017ರಲ್ಲಿ ನೆಲದಡಿಯ ಹಸಿರು ಮಾರ್ಗ ತೆರೆದ ಮೇಲೆ ನಮ್ಮಂಥ ಊರ ಕಡೆಯವರಿಗೂ ಈ ಗಲ್ಲಿಗಳಿಗೆ ಬರುವುದು ಸಲೀಸಾಗಿದೆ. ಚಿಕ್ಕಪೇಟೆ ನಿಲ್ದಾಣದಲ್ಲಿ ಇಳಿದು ಮೇಲೆ ಬಂದರಾಯಿತು, ಸಂತೆಯ ಸದ್ದು ತಾನೇ ದಾರಿ ತೋರಿಸುತ್ತದೆ.

ತಿಪಟೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಮೂರು ಗಂಟೆಯ ದಾರಿ. ಆದರೆ ನಮ್ಮ ಮನೆಯವರೆಲ್ಲ ಒಟ್ಟಿಗೆ ಹೊರಡಲು ಮೂರು ತಿಂಗಳ ಸಿದ್ಧತೆ ಬೇಕು. ನಾಯಿ ಬೆಕ್ಕು ಸಾಕಿದವರ ಪಾಡೇ ಅಷ್ಟು. ಮದುವೆಗೆ ಹೋದರೆ ಒಬ್ಬರು, ಮುಂಜಿಗೆ ಹೋದರೆ ಇನ್ನೊಬ್ಬರು. ಯಾರಾದರೊಬ್ಬರು ಮನೆ ಕಾಯಲೇಬೇಕು. ನಮ್ಮ ಕರಿಯನಿಗೆ ಈಗ ಹನ್ನೆರಡು ವರ್ಷ. ಎರಡು ಕಣ್ಣಿಗೂ ಪೊರೆ ಬಂದಿದೆ. ಪಶು ವೈದ್ಯರು ನೋಡಿ, “ವಯಸ್ಸಾಗಿದೆ ಮೇಷ್ಟ್ರೇ. ಮನೆಯಲ್ಲಿ ಸಾಮಾನಿನ ಜಾಗ ಬದಲಿಸಬೇಡಿ, ಅನ್ನದ ತಟ್ಟೆ ಇಟ್ಟಲ್ಲೇ ಇರಲಿ. ಮೂಗು, ಕಿವಿ ನಂಬಿಕೊಂಡು ಓಡಾಡುತ್ತಾನೆ” ಎಂದರು. ಅಂದಿನಿಂದ ನಮ್ಮ ನಡುಮನೆಯ ಕುರ್ಚಿಗಳಿಗೆ ನೆಲದ ಮೇಲೆ ಸೀಮೆಸುಣ್ಣದ ಗುರುತು ಬಿದ್ದಿದೆ. ಬೆಕ್ಕು ಚುಕ್ಕಿಗೆ ಮಾತ್ರ ಯಾವ ಕಟ್ಟುಪಾಡೂ ಇಲ್ಲ. ದಾರಿಯ ನಡುವೆ ಮಲಗುತ್ತದೆ, ಕರಿಯ ಎಡವುತ್ತಾನೆ, ಎರಡೂ ಬೆಚ್ಚಿ ಕೂಗುತ್ತವೆ.

ಕರಿಯ ಇಡೀ ದಿನ ಹಿಂಬಾಲಿಸುವುದು ನನ್ನ ಮಗಳ ಹೆಜ್ಜೆಯ ಸದ್ದನ್ನು. ಅವಳೋ ದ್ವಿತೀಯ ಪಿಯುಸಿ ಮುಗಿಸಿ ಬೆಂಗಳೂರಿನಲ್ಲಿ ಬಿ.ಎಸ್ಸಿ.ಗೆ ಸೇರುವವಳು. ಹಾಸ್ಟೆಲಿಗೆ ಹೋಗುವ ಮುಂಚೆ ಊರು ತೋರಿಸೋಣ, ಹಾಗೇ ಒಂದಿಷ್ಟು ಹಳೆಯ ಪುಸ್ತಕ ಕೊಡಿಸೋಣ ಎಂದು ಶನಿವಾರ ಬೆಳಗಿನ ರೈಲು ಹತ್ತಿದೆವು. ಎದುರು ಮನೆಯ ಅಜ್ಜಿಗೆ ಬೀಗದ ಕೈ ಒಪ್ಪಿಸಿ, ಯಾವ ಹೊತ್ತಿಗೆ ಹಾಲು, ಯಾವ ಹೊತ್ತಿಗೆ ಮೊಸರನ್ನ ಎಂದು ನನ್ನ ಹೆಂಡತಿ ಹೇಳಿದ್ದನ್ನು ಬರೆದಿಟ್ಟಿದ್ದರೆ ಒಂದು ಪಾಠಯೋಜನೆಯೇ ಆಗುತ್ತಿತ್ತು.

ಮೊದಲ ದಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ. 1962ರಲ್ಲಿ ನೆಹರೂ ಉದ್ಘಾಟಿಸಿದ ಇಲ್ಲಿಗೆ ಶಾಲಾ ಪ್ರವಾಸದ ಮಕ್ಕಳನ್ನು ಎಷ್ಟೋ ಸಲ ಕರೆತಂದಿದ್ದೇನೆ. ಆಗೆಲ್ಲ ತಲೆ ಎಣಿಸುವುದರಲ್ಲೇ ಹೊತ್ತು ಹೋಗುತ್ತಿತ್ತು. ಈ ಸಲ ಎಣಿಸಲು ಇದ್ದದ್ದು ಒಂದೇ ತಲೆ. ರೈಟ್ ಸಹೋದರರ ವಿಮಾನದ ಪೂರ್ಣ ಅಳತೆಯ ಪ್ರತಿಕೃತಿಯ ಮುಂದೆ ಮಗಳು ಬಹಳ ಹೊತ್ತು ನಿಂತಳು. ವಿದ್ಯುತ್ತಿನ ಮಾತು ಬಂದಾಗ ನನ್ನೊಳಗಿನ ಮೇಷ್ಟ್ರು ಸುಮ್ಮನಿರಲಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದದ್ದು, ದೂರ ಸಾಗಿಸುವಾಗ ವೋಲ್ಟೇಜು ಏರಿಸಿದರೆ ಕರೆಂಟು ತಗ್ಗಿ ತಂತಿಯಲ್ಲಿ ಬಿಸಿಯಾಗಿ ಪೋಲಾಗುವುದು ಕಡಿಮೆಯಾಗುವುದು, 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂದದ್ದು, ಎಲ್ಲವನ್ನೂ ಹೇಳಿದೆ. ಪಕ್ಕದಲ್ಲಿ ನಿಂತಿದ್ದ ಬೇರೆ ಸಂಸಾರದವರೂ ಕೇಳಿಸಿಕೊಂಡರು. “ಇವರಿಗೆ ಶನಿವಾರವೂ ಪೂರ್ತಿ ದಿನ ಕ್ಲಾಸು” ಎಂದು ನನ್ನಾಕೆ ಅವರಿಗೆ ಹೇಳಿದಳು.

ಪಕ್ಕದ ಕಬ್ಬನ್ ಪಾರ್ಕಿನಲ್ಲಿ ನಾಯಿಗಳ ದರ್ಶನ. ಒಂದಕ್ಕೆ ಅಂಗಿ, ಒಂದಕ್ಕೆ ಬೂಟು, ಇನ್ನೊಂದನ್ನು ಮಗುವಿನ ಗಾಡಿಯಲ್ಲಿ ತಳ್ಳಿಕೊಂಡು ಬಂದಿದ್ದರು. ನಗಬಾರದು. ತಟ್ಟೆಯ ಜಾಗಕ್ಕೆ ಸೀಮೆಸುಣ್ಣದ ಗೆರೆ ಎಳೆದವನಿಗೆ ನಗುವ ಹಕ್ಕಿಲ್ಲ.

ಸಂಜೆ ಅವೆನ್ಯೂ ರಸ್ತೆಯ ಪುಸ್ತಕದ ಸಾಲು. ಹಳೆಯ ಪಠ್ಯಪುಸ್ತಕಕ್ಕೆ ಕನ್ನಡ ನಾಡಿನ ವಿದ್ಯಾರ್ಥಿಗಳು ತಲೆತಲಾಂತರದಿಂದ ನಂಬಿದ ಬೀದಿ ಇದು. ಕೊಳ್ಳುವಾಗ ನೋಡಬೇಕಾದದ್ದು ರಟ್ಟನ್ನಲ್ಲ, ಪುಟದ ಅಂಚನ್ನು. ಹಿಂದೆ ಓದಿದವನು ಪೆನ್ಸಿಲಿನಲ್ಲಿ ಲೆಕ್ಕ ಬಿಡಿಸಿದ್ದರೆ ಅದು ಲಾಭ, ಶಾಯಿಯಲ್ಲಿ ಸಾಲುಸಾಲಿಗೂ ಗೆರೆ ಎಳೆದಿದ್ದರೆ ನಷ್ಟ. ಮಗಳಿಗೆ ರೆಸ್ನಿಕ್ ಮತ್ತು ಹ್ಯಾಲಿಡೇ ಭೌತಶಾಸ್ತ್ರದ ಒಂದು ಪ್ರತಿ ಸಿಕ್ಕಿತು. ಅದರ ಕೆಳಗೆ, ರಾಶಿಯ ತಳದಲ್ಲಿ, ನನಗೊಂದು ನಿಧಿ: ಮಾಸ್ಕೋದ ಮಿರ್ ಪ್ರಕಾಶನದವರು ಇಂಗ್ಲಿಷಿನಲ್ಲಿ ತಂದ ಪೆರೆಲ್ಮನ್ನನ ‘ಫಿಸಿಕ್ಸ್ ಫಾರ್ ಎಂಟರ್‌ಟೈನ್‌ಮೆಂಟ್’. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯುವ ಮುಂಚೆ ಇಂಥ ಪುಸ್ತಕಗಳು ಕಾಫಿ ತಿಂಡಿಯ ಕಾಸಿಗೆ ಸಿಗುತ್ತಿದ್ದವು. ನಮ್ಮ ತಲೆಮಾರಿನ ಎಷ್ಟೋ ಮೇಷ್ಟರುಗಳು ತಯಾರಾದದ್ದು ಅವುಗಳಿಂದ. ಪೆರೆಲ್ಮನ್ ಮಾತ್ರ 1942ರಲ್ಲಿ, ಲೆನಿನ್‌ಗ್ರಾಡಿಗೆ ಮುತ್ತಿಗೆ ಬಿದ್ದಿದ್ದಾಗ, ಅಲ್ಲೇ ತೀರಿಕೊಂಡ. ಮಗಳು ಪುಟ ತಿರುವಿ, “ಅಪ್ಪಾ, ಇದು ನನಗೆ” ಎಂದು ಚೀಲಕ್ಕೆ ಸೇರಿಸಿಬಿಟ್ಟಳು.

ಭಾನುವಾರ ಬೆಳಗ್ಗೆ ಏಳಕ್ಕೇ ಚಿಕ್ಕಪೇಟೆ ಸೇರಿದೆವು. ನನ್ನ ಕಣ್ಣು ಹುಡುಕುತ್ತಿದ್ದದ್ದು ಸೂಕ್ಷ್ಮದರ್ಶಕ. ನಮ್ಮ ಶಾಲೆಯಲ್ಲಿ ಇರುವುದು ಎರಡು. ಈರುಳ್ಳಿ ಸಿಪ್ಪೆಯ ಜೀವಕೋಶ ನೋಡಲು ಅರವತ್ತು ಮಕ್ಕಳು ಸಾಲು ನಿಲ್ಲಬೇಕು. ಕೊನೆಯವನ ಸರದಿ ಬರುವಷ್ಟರಲ್ಲಿ ಸಿಪ್ಪೆ ಒಣಗಿ ಗಂಟೆ ಹೊಡೆದಿರುತ್ತದೆ. ಮೂರನೇ ಗಲ್ಲಿಯಲ್ಲಿ, ಮಿಕ್ಸಿ ಜಾರುಗಳ ನಡುವೆ, ಕೆಳಗೆ ಕನ್ನಡಿ ಇರುವ ಹಳೇ ಮಾದರಿಯದೊಂದು ಕಂಡಿತು.

“ಕಾಲೇಜು ಮಾಲು ಸಾರ್. ಎರಡೂವರೆ ಸಾವಿರ ಕೊಡಿ” ಎಂದ.

ಹಳೆಯ ಸೂಕ್ಷ್ಮದರ್ಶಕ ಕೊಳ್ಳುವವರಿಗೆ ಒಂದು ಉಪಾಯ ಹೇಳುತ್ತೇನೆ. ಕಣ್ಣಿನ ಕಡೆಯ ಮಸೂರವನ್ನು ಹೊರಗೆಳೆದು ತಿರುಗುಮುರುಗು ಹಿಡಿದರೆ ಅದೇ ಒಳ್ಳೆಯ ಭೂತಗನ್ನಡಿ. ಅದರಿಂದ ಕೆಳಗಿನ ವಸ್ತುಮಸೂರಗಳ ಮುಖ ನೋಡಬೇಕು. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಸ್ಟು. ಒಳಗೆ ಬೇರೂರಿದ್ದರೆ ಗಾಜಿನ ಮೇಲಿನ ಲೇಪವನ್ನೇ ತಿಂದಿರುತ್ತದೆ, ಒರೆಸಿದರೆ ಹೋಗದು. ಇಣುಕಿದಾಗ ಚುಕ್ಕಿ ಕಂಡರೆ ಮೇಲಿನ ಮಸೂರವನ್ನು ತಿರುಗಿಸಿ ನೋಡಿ. ಚುಕ್ಕಿಯೂ ಜೊತೆಗೆ ತಿರುಗಿದರೆ ಧೂಳು ಅಲ್ಲೇ ಇದೆ, ಹೆದರಬೇಕಿಲ್ಲ. ಇದರಲ್ಲಿ 10ರ ಮಸೂರ ಚೊಕ್ಕಟವಾಗಿತ್ತು, 45ರದ್ದಕ್ಕೆ ಅಂಚಿನಲ್ಲಿ ಒಂದಿಷ್ಟು ಬೂಸ್ಟು. ಮಾತು 1,300 ರೂಪಾಯಿಗೆ ನಿಂತಿತು. “ಏನ್ರೀ, ನಮ್ಮ ಮನೆಗೆ ಮಿಕ್ಸಿ ಜಾರು ಬೇಕಿತ್ತು” ಎಂದು ನನ್ನಾಕೆ ಅದೇ ಗೋಣಿತಾಟಿನಿಂದ ಒಂದನ್ನು ಆರಿಸಿಕೊಂಡಳು. ಅವಳು ಚೌಕಾಸಿ ಮಾಡಿದ ರೀತಿ ನೋಡಿದರೆ ನನ್ನದನ್ನೂ ಅವಳಿಗೇ ಬಿಡಬಹುದಿತ್ತು.

ಮುಂದೆ ನಡೆಯುವಾಗ ಹಳೆಯ ಪಂಜರಗಳನ್ನು ಮಾರುವವನೊಬ್ಬ ಸಿಕ್ಕಿದ. ನಾನಿಲ್ಲದ ಮನೆಗೆ ಒಂದು ಗಿಳಿ ತನ್ನಿ, ಅಮ್ಮನಿಗೆ ಮಾತಿಗೆ ಜೊತೆಯಾಗುತ್ತದೆ ಎಂದಳು ಮಗಳು. ನಮ್ಮ ಹಸಿರು ಗಿಳಿಯನ್ನು ಸಾಕುವುದೂ ಮಾರುವುದೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ; ಊರುಗಳ ಪಡಸಾಲೆಯಲ್ಲಿ ಇಂದಿಗೂ ಪಂಜರ ತೂಗುಹಾಕಿದವರಿಗೆ ಇದು ಗೊತ್ತೇ ಇಲ್ಲ. ಅಂಗಡಿಗಳಲ್ಲಿ ರಾಜಾರೋಷವಾಗಿ ಮಾರುವ ಬಣ್ಣದ ಬಡ್ಜರಿಗರ್‌ಗಳು ಮೂಲತಃ ಆಸ್ಟ್ರೇಲಿಯದವು, ಅವಕ್ಕೆ ಆ ಅಡ್ಡಿಯಿಲ್ಲ. ನಾನು ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಅವರಮ್ಮ, “ನನಗೆ ಯಾವ ಹಕ್ಕಿಯೂ ಬೇಡ ಕಣೇ. ಇರೋದನ್ನ ನೋಡಿಕೊಂಡರೆ ಸಾಕು. ನೀನು ಹೋದ ಮೇಲೆ ಆ ಕುರುಡು ಮುಂಡೇದು ಯಾರ ಹಿಂದೆ ತಿರುಗುತ್ತೋ” ಎಂದಳು. ಆಮೇಲೆ ಯಾರೂ ಮಾತಾಡಲಿಲ್ಲ.

ಮಧ್ಯಾಹ್ನ ರೈಲಿಗೆ ಹೊತ್ತಿದ್ದುದರಿಂದ ಲಾಲ್‌ಬಾಗಿಗೆ ಹೋದೆವು. 1889ರ ಗಾಜಿನ ಮನೆಯನ್ನು ಬೇಗ ನೋಡಿ ಬಂಡೆ ಹತ್ತಿದೆವು. ಸುಮಾರು 300 ಕೋಟಿ ವರ್ಷದ ನೈಸ್ ಶಿಲೆ ಅದು. ಅದಕ್ಕಿಂತ ಹಳೆಯ ಮಾಲು ಬೆಂಗಳೂರಿನ ಯಾವ ಬಜಾರಿನಲ್ಲೂ ಸಿಗಲಾರದು. ಅಲ್ಲಿ ಕೂತು ತಂದದ್ದನ್ನೆಲ್ಲ ಹರಡಿ ನೋಡುವಾಗ ಮಗಳು ತನ್ನ ಚೀಲದಿಂದ ಕಾಗದದ ಪೊಟ್ಟಣ ತೆಗೆದಳು. ಪಂಜರದವನ ಪಕ್ಕದವನಲ್ಲಿ ನಲವತ್ತು ರೂಪಾಯಿಗೆ ಎರಡು ಹಿತ್ತಾಳೆ ಗೆಜ್ಜೆ ಕೊಂಡಿದ್ದಳಂತೆ, ಎರಡರ ನಾದವೂ ಬೇರೆಬೇರೆ ಇರುವಂತೆ ಕಿವಿಗೆ ಹಿಡಿದು ಆರಿಸಿದ್ದಳು. ಸಣ್ಣ ದನಿಯದು ಚುಕ್ಕಿಯ ಕೊರಳಿಗೆ, ಕರಿಯ ಎಡವದಿರಲಿ ಎಂದು. ದಪ್ಪ ದನಿಯದನ್ನು ಅಮ್ಮನ ಸೊಂಟದ ಬೀಗದ ಕೈ ಗೊಂಚಲಿಗೆ ಅಲ್ಲೇ, ಬಂಡೆಯ ಮೇಲೆ, ಕಟ್ಟಿದಳು.

ಮಗಳು ಹಾಸ್ಟೆಲಿಗೆ ಹೋಗಿ ಈಗ ಐದು ವಾರ. ಮೊದಲ ವಾರ ಕರಿಯ ಅವಳ ಕೋಣೆಯ ಬಾಗಿಲು ಬಿಟ್ಟು ಏಳಲಿಲ್ಲ, ಅನ್ನವನ್ನೂ ಅರ್ಧ ಬಿಟ್ಟ. ಈಗ ಅಡುಗೆಮನೆಯಲ್ಲಿ ದಪ್ಪ ಗೆಜ್ಜೆ ಅಲುಗಿದರೆ ಕಿವಿ ನಿಮಿರಿಸಿ ಎದ್ದು, ಗೋಡೆಗೆ ಮೈ ತಾಕಿಸಿಕೊಂಡು, ಹಿತ್ತಲವರೆಗೂ ಹಿಂದೆಯೇ ಹೋಗುತ್ತಾನೆ. ಚುಕ್ಕಿ ತನ್ನದನ್ನು ಮೂರನೇ ದಿನವೇ ಎಲ್ಲೋ ಕಳೆದುಕೊಂಡು ಬಂದಿತು.