ಬೆಟ್ಟದ ದಾರಿಗೊಂದು ಬಾಗಿಲು

ಹೊಸೂರಿನಿಂದ ಡೆಂಕಣಿಕೋಟೆ ದಾಟಿ ಅಂಚೆಟ್ಟಿಯ ಕಡೆ ಹೊರಟರೆ ರಾಗಿ ಹೊಲಗಳು ಹಿಂದೆ ಸರಿದು ಕಾಡು ಶುರುವಾಗುತ್ತದೆ. ಬಸ್ಸಿನೊಳಗೆ ತಮಿಳು, ತೆಲುಗು, ಕನ್ನಡ ಮೂರೂ ಕೇಳಿಸುತ್ತವೆ. 2004ರಲ್ಲಿ ಧರ್ಮಪುರಿಯಿಂದ ಬೇರೆಯಾದ ಕೃಷ್ಣಗಿರಿ ಜಿಲ್ಲೆಯ ಈ ಬೆಟ್ಟಗಳು ಆನೆಗಳ ಹಾದಿ. 2014ರಲ್ಲಿ ಇಲ್ಲಿನ ಅರಣ್ಯವನ್ನು ಕಾವೇರಿ ಉತ್ತರ ವನ್ಯಜೀವಿಧಾಮವೆಂದು ಘೋಷಿಸಲಾಯಿತು.

ಪಕ್ಕದಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ನಮ್ಮನ್ನು ಕೇಳಿದರು: “ಸ್ವಾಮಿ, ಕತ್ತಲಾದ ಮೇಲೆ ಕಾಡು ದಾರಿ ಬೇಡ ಅಂತಾರೆ. ಹೆರಿಗೆ ನೋವು ಹೊತ್ತು ನೋಡ್ಕೊಂಡು ಬರುತ್ತಾ?” ನಮ್ಮಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೆಲವು ತಿಂಗಳ ನಂತರ ನಾವು ಈರೋಡು ಜಿಲ್ಲೆಯ ದಿಂಬಂ ಘಟ್ಟ ಹತ್ತಿದೆವು. ಬಣ್ಣಾರಿ ಮಾರಿಯಮ್ಮನ ಗುಡಿ ದಾಟಿದರೆ 27 ಕಡಿದಾದ ತಿರುವುಗಳು. ಮೇಲೆ ಹಾಸನೂರು, ಅದರಾಚೆ ಕನ್ನಡ ಮಾತನಾಡುವ ತಾಳವಾಡಿ ಸೀಮೆ. ಡಾ. ರಾಜ್‌ಕುಮಾರ್ ಅವರ ಗಾಜನೂರು ಇರುವುದೂ ಇಲ್ಲೇ. ಸತ್ಯಮಂಗಲಕ್ಕೆ ಇಳಿಯಲು ಇವರಿಗೆ ಈ ಘಟ್ಟವೇ ಹೆದ್ದಾರಿ.

ಸತ್ಯಮಂಗಲ ಅರಣ್ಯ 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ರಾತ್ರಿ ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದರಿಂದ 2019ರಲ್ಲಿ ಜಿಲ್ಲಾಡಳಿತ ರಾತ್ರಿ ಸಂಚಾರ ನಿಷೇಧಿಸಿತು. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿ 10ರಿಂದ ಅದು ಜಾರಿಗೆ ಬಂತು. ತಾಳವಾಡಿ, ಸತ್ಯಮಂಗಲಗಳಲ್ಲಿ ಜನ ಬೀದಿಗಿಳಿದರು. ರೈತರಿಗೆ ತರಕಾರಿಯ ಚಿಂತೆ, ತಾಯಂದಿರಿಗೆ ಆಸ್ಪತ್ರೆಯ ಚಿಂತೆ. ಆದರೆ ಆಂಬುಲೆನ್ಸ್‌ನಂಥ ತುರ್ತು ವಾಹನಗಳಿಗೆ ವಿನಾಯಿತಿ ಇತ್ತು. ಬಂಡೀಪುರದ ರಸ್ತೆಯಲ್ಲಿ 2009ರಿಂದ ನಾವು ಕಂಡಿರುವುದೂ ಇಂಥದೇ ಏರ್ಪಾಡು.

ತಿರುವೊಂದರಲ್ಲಿ ನಮ್ಮ ಬಸ್ಸು ನಿಂತಿತು. ಮುಂದೆ ಭಾರದ ಲಾರಿಯೊಂದು ಸಿಕ್ಕಿಹಾಕಿಕೊಂಡಿತ್ತು. ಹಿಂದೆ ಸಾಲುಗಟ್ಟಿದ ವಾಹನಗಳು. ಆಗ ನಮಗೆ ಹೊಳೆಯಿತು: ಗೇಟು ತೆರೆದಿದ್ದರೂ ದಾರಿ ಮುಚ್ಚಿರಬಹುದು. ರಾತ್ರಿ ಲಾರಿಗಳನ್ನು ತಡೆದರೆ ಜಿಂಕೆ ಮಾತ್ರವಲ್ಲ, ರೋಗಿಯೂ ಬದುಕಬಹುದು. ಕಾಡನ್ನೂ ಮನುಷ್ಯನನ್ನೂ ಎದುರಾಳಿಗಳೆಂದು ಭಾವಿಸಿದ್ದು ನಮ್ಮದೇ ತಪ್ಪು.

ಹಾಗೆಂದು ಎಲ್ಲವೂ ಸರಿಯಾಯಿತೆನ್ನಲಾಗದು. ಬಡವರ ಮನೆಯ ರೋಗಿ ಎಷ್ಟೋ ಸಲ ಹೊರಡುವುದು ನೆರೆಮನೆಯವರ ಆಟೋದಲ್ಲಿ, ಹಾಲಿನ ವ್ಯಾನಿನಲ್ಲಿ. ಸೈರನ್ ಇಲ್ಲದ ಆ ಗಾಡಿಯೂ ಆಂಬುಲೆನ್ಸೇ ಎಂದು ಗೇಟಿನಲ್ಲಿ ನಿಂತವರು ತಿಳಿಯಬೇಕು. ಅಲ್ಲಿ ಎಚ್ಚರವಾಗಿರುವ ಒಬ್ಬ ಮನುಷ್ಯ, ಕೆಲಸ ಮಾಡುವ ಒಂದು ಫೋನು, ಇವಿಲ್ಲದಿದ್ದರೆ ವಿನಾಯಿತಿ ಕಾಗದದಲ್ಲೇ ಉಳಿಯುತ್ತದೆ.

ಇನ್ನು ದಾರಿಯೇ ಇಲ್ಲದ ಬೆಟ್ಟದ ಹಾಡಿಗಳಿವೆ. ಅಲ್ಲಿ ರೋಗಿಯನ್ನು ಬಟ್ಟೆಯ ಜೋಲಿಯಲ್ಲಿ ಹೊತ್ತು ತರುತ್ತಾರೆ. 2006ರ ಅರಣ್ಯ ಹಕ್ಕು ಕಾಯ್ದೆ ಇಂಥವರಿಗೆ ಒಂದು ಅವಕಾಶ ಕೊಟ್ಟಿದೆ. ರಸ್ತೆ, ಶಾಲೆ, ಆಸ್ಪತ್ರೆಯಂಥ ಸೌಲಭ್ಯಕ್ಕೆ, ಪ್ರತಿಯೊಂದಕ್ಕೂ ಒಂದು ಹೆಕ್ಟೇರ್‌ಗಿಂತ ಕಡಿಮೆ ಅರಣ್ಯಭೂಮಿಯನ್ನು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯದೆ, ಬಳಸಬಹುದು. ಅದಕ್ಕೆ ಗ್ರಾಮಸಭೆಯ ಶಿಫಾರಸು ಬೇಕು. ಆದ್ದರಿಂದ ಪ್ರಿಯ ಓದುಗರೇ, ಗ್ರಾಮಸಭೆಯ ದಿನ ಮನೆಯಲ್ಲಿ ಕೂರಬೇಡಿ.

ಆ ಅಜ್ಜಿ ಮತ್ತೆ ಸಿಕ್ಕಿಲ್ಲ. ಸಿಕ್ಕಿದರೆ ಹೇಳಬೇಕು: ನೋವು ಹೊತ್ತು ನೋಡಿ ಬರುವುದಿಲ್ಲ ಅಜ್ಜಿ, ಆದ್ದರಿಂದ ಬಾಗಿಲು ಕಾಯುವವರೇ ಎದ್ದಿರಬೇಕು.