ಅಗಲದ ಲೆಕ್ಕ

ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ಬಾಳುವವರಿಗೆ ಅಗಲವೆಂಬುದು ಸುಮ್ಮನೆ ಸಿಗುವ ವಸ್ತುವಲ್ಲ. ಲೋಕಲ್ ಗಾಡಿಯಲ್ಲಿ ಮೂವರ ಸೀಟಿನ ತುದಿಗೆ ನಾಲ್ಕನೆಯವರಾಗಿ ಆತುಕೊಳ್ಳುವುದನ್ನು ಇಲ್ಲಿ ಯಾರೂ ಅತಿಕ್ರಮವೆಂದು ಬಗೆಯುವುದಿಲ್ಲ. ಮನೆಯನ್ನು ಚದರ ಅಡಿಯಲ್ಲಿ ಕೊಳ್ಳುತ್ತೇವೆ. ಕಪಾಟನ್ನು ಗೋಡೆಯ ಅಳತೆ ಹಿಡಿದು ಮಾಡಿಸುತ್ತೇವೆ. ಇಂಥ ಊರಿನಲ್ಲಿ, ಎತ್ತರಕ್ಕಿಂತ ಅಗಲವೇ ಎರಡು ಪಟ್ಟಿಗೂ ಮಿಗಿಲಾದ, ಮುಖ್ಯವಾಗಿ ಆಟಕ್ಕೆಂದು ಬಳಸುವ ಕಂಪ್ಯೂಟರ್ ಪರದೆಯೊಂದನ್ನು ಕೊಳ್ಳುವ ಮಾತು ಮನೆಯಲ್ಲಿ ಬಂದಾಗ, ನಾವು ದಂಪತಿ ಮೊದಲು ಕೇಳಿದ್ದು ಅದರ ಬೆಲೆಯನ್ನಲ್ಲ, ಅದನ್ನು ಇಡುವ ಜಾಗವನ್ನು.

ಮಾತು ತಂದವನು ಮಗ. ಅವನ ಕೆಲಸ ನವಿ ಮುಂಬಯಿಯ ಮಹಾಪೆಯಲ್ಲಿ. ಡೊಂಬಿವಲಿಯಿಂದ ಠಾಣೆ, ಅಲ್ಲಿ ಸೇತುವೆ ಹತ್ತಿ ಇಳಿದು ವಾಶಿಯತ್ತ ಹೋಗುವ ಟ್ರಾನ್ಸ್ ಹಾರ್ಬರ್ ಗಾಡಿ, ಆಮೇಲೆ ರಿಕ್ಷಾ. ಐರೋಳಿಯಲ್ಲಿ ಗೆಳೆಯರೊಡನೆ ಬಾಡಿಗೆಗೆ ಕೋಣೆ ಹಿಡಿದರೆ ದಿನಕ್ಕೆ ಎರಡು ಗಂಟೆ ಉಳಿಯುತ್ತದೆಂಬ ಲೆಕ್ಕವನ್ನು ಅವನು ಅದಾಗಲೇ ಒಪ್ಪಿಸಿದ್ದನು. ಅದರ ಬೆನ್ನಿಗೇ ಪರದೆಯ ಮಾತು ಬಂದಿತು. “ಅಪ್ಪ, ಹಾಲಿನಲ್ಲಿ ಒಂದು ಮೇಜಿನಷ್ಟು ಜಾಗ ನನ್ನದು ಅಂತಾದರೆ ಸಾಕು, ಬೇರೆ ಕೋಣೆ ಯಾಕೆ ಬೇಕು?” ಎಂದನು. ಹೀಗಾಗಿ ಪರದೆಯ ಆಯ್ಕೆ ಬರಿಯ ಪರದೆಯ ಆಯ್ಕೆಯಾಗಿ ಉಳಿಯಲಿಲ್ಲ. ಬಾಗಿಲಿಗೂ ಬಾಲ್ಕನಿಗೂ ನಡುವೆ ಇದ್ದ ಐದಡಿ ಗೋಡೆ ಯಾರದೆಂಬ ಪ್ರಶ್ನೆಯಾಯಿತು. ಅಲ್ಲಿ ಅದುವರೆಗೆ ಹೊಲಿಗೆ ಯಂತ್ರವಿತ್ತು.

ಈ ಬಗೆಯ ಪರದೆಗಳಿಗೆ ಅಲ್ಟ್ರಾವೈಡ್ ಎಂದು ಹೆಸರು. ಸಾಮಾನ್ಯ ಪರದೆಯ ಅಗಲ ಎತ್ತರಗಳ ಪ್ರಮಾಣ 16:9 ಆದರೆ ಇವುಗಳದು ಸುಮಾರು 21:9. ಎರಡು ಪರದೆಗಳನ್ನು ಜೋಡಿಸಿದಂತೆ ಕಾಣುವ 32:9 ಪರದೆಗಳೂ ಇವೆ. ನಮ್ಮ ಗೋಡೆಯ ಮಟ್ಟಿಗೆ ಅವು ಮಾತಿಗೇ ಬರಲಿಲ್ಲ. ಅಂಗಡಿಯವರು ಹೇಳುವ ಇಂಚು ಮೂಲೆಯಿಂದ ಮೂಲೆಗೆ ಎಳೆದ ಗೆರೆಯದು. ಅದನ್ನೇ ನಂಬಿ ಕೊಳ್ಳುವಂತಿಲ್ಲ. 34 ಇಂಚಿನ ಅಲ್ಟ್ರಾವೈಡ್ ಪರದೆ, 27 ಇಂಚಿನ ಸಾಮಾನ್ಯ ಪರದೆಗಿಂತ ಎತ್ತರವೇನೂ ಅಲ್ಲ. ಎರಡರ ಎತ್ತರವೂ ಸುಮಾರು 33 ಸೆಂಟಿಮೀಟರ್. ವ್ಯತ್ಯಾಸವೆಲ್ಲ ಅಗಲದಲ್ಲಿ: ಒಂದು 60, ಇನ್ನೊಂದು 80 ಸೆಂಟಿಮೀಟರ್. ಆ ಇಪ್ಪತ್ತು ಸೆಂಟಿಮೀಟರಿಗಾಗಿಯೇ ಮಿಕ್ಕ ಲೆಕ್ಕವೆಲ್ಲ.

ಮೇಜಿನ ಅಳತೆ ಮುಗಿದ ಮೇಲೆ ಬಿಂದುಗಳ ಅಳತೆ. 34 ಇಂಚಿನಲ್ಲೇ ಎರಡು ತರಗತಿಗಳು ಸಿಗುತ್ತವೆ: ಅಗ್ಗದ್ದು 2560×1080, ಮೇಲಿನದು 3440×1440. ಮೊದಲಿನದರಲ್ಲಿ ಇಂಚಿಗೆ ಸುಮಾರು 82 ಬಿಂದುಗಳು, ಎರಡನೆಯದರಲ್ಲಿ 110. ಆಟವಾಡುವವನು ಈ ವ್ಯತ್ಯಾಸವನ್ನು ಹೇಗೋ ಸಹಿಸಿಯಾನು. ಕನ್ನಡ ಓದುವವರು ಸಹಿಸಲಾರರು. ನಮ್ಮ ಲಿಪಿಯ ಸೂಕ್ಷ್ಮವೆಲ್ಲ ಸಾಲಿನ ಕೆಳಗಿದೆ. ‘ರಾಷ್ಟ್ರ’, ‘ಲಕ್ಷ್ಮಿ’, ‘ಸ್ತ್ರೀ’ ಮುಂತಾದ ಪದಗಳ ಒತ್ತಕ್ಷರಗಳು ಬಿಂದು ಕಡಿಮೆಯಾದಲ್ಲಿ ಒಂದು ಕಪ್ಪು ಚುಕ್ಕೆಯಾಗಿ ಮುದ್ದೆಗಟ್ಟುತ್ತವೆ. ಸಂಘದ ಸ್ಮರಣ ಸಂಚಿಕೆಯ ಕರಡು ತಿದ್ದುವ ಕೆಲಸ ನಮ್ಮಿಬ್ಬರ ಪಾಲಿಗೆ ಬಂದು ಬಹಳ ವರ್ಷಗಳಾದವು. ಪರದೆ ಹಗಲಿನಲ್ಲಿ ಬರಿದೇ ಇರುವುದಾದರೆ ಕರಡಿಗೂ ಅದು ಒದಗಲಿ ಎಂಬುದು ನಾವಿಟ್ಟ ಷರತ್ತು. ಎಂಬತ್ತು ಸೆಂಟಿಮೀಟರ್ ಅಗಲದಲ್ಲಿ ಎ4 ಹಾಳೆಗಳು ತಮ್ಮ ನಿಜವಾದ ಗಾತ್ರದಲ್ಲೇ ಮೂರು ಅಕ್ಕಪಕ್ಕ ನಿಲ್ಲುತ್ತವೆ: ಲೇಖಕರ ಹಸ್ತಪ್ರತಿ, ಮೊದಲ ಕರಡು, ತಿದ್ದಿದ ಕರಡು. ಕನ್ನಡಕವನ್ನು ತೆಗೆದು ಹಾಕಿ ಮಾಡುವ ನಮ್ಮಂಥವರಿಗೆ ಇದು ಸಣ್ಣ ಸುಖವಲ್ಲ.

ಬಿಂದು ಹೆಚ್ಚಿದರೆ ಅವನ್ನು ಪ್ರತಿ ಕ್ಷಣ ಚಿತ್ರಿಸಬೇಕಾದ ಗ್ರಾಫಿಕ್ಸ್ ಕಾರ್ಡಿಗೂ ದುಡಿಮೆ ಹೆಚ್ಚುತ್ತದೆ. 3440×1440 ಎಂದರೆ ಸುಮಾರು 49.5 ಲಕ್ಷ ಬಿಂದುಗಳು. 2560×1440ರ ಸಾಮಾನ್ಯ ಪರದೆಗಿಂತ ಮೂರರಲ್ಲೊಂದು ಪಾಲು ಹೆಚ್ಚು, ಆದರೆ 83 ಲಕ್ಷ ಬಿಂದುಗಳ 4ಕೆ ಪರದೆಯ ಹತ್ತರಲ್ಲಿ ಆರು ಪಾಲು ಮಾತ್ರ. ಇದ್ದ ಕಾರ್ಡು ಈ ಭಾರವನ್ನು ಹೊತ್ತೀತೇ ಎಂಬುದನ್ನು ಮಗ ತನ್ನ ಆಟಗಳ ಚಿತ್ರಗುಣವನ್ನು ಏರಿಸಿ ಇಳಿಸಿ ಮೊದಲೇ ಪರೀಕ್ಷಿಸಿದನು. ಪರದೆಗೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ ಶಕ್ತಿಯಿದ್ದು, ಕಾರ್ಡು ಅರುವತ್ತನ್ನೇ ಏದುಸಿರಿನಿಂದ ಒದಗಿಸುವುದಾದರೆ ಮಿಕ್ಕ ಹಣ ನೀರಿನಲ್ಲಿ ಹೋಮ.

ಇನ್ನೊಂದು ಸಂಗತಿಯನ್ನು ಮಾರುವವರು ತಾವಾಗಿ ಹೇಳುವುದು ಅಪರೂಪ: ಎಲ್ಲ ಆಟಗಳೂ ಅಗಲಕ್ಕೆ ಒಪ್ಪುವುದಿಲ್ಲ. ಸ್ಪರ್ಧೆಯ ಆಟವಾದ ವ್ಯಾಲರಂಟ್‌ನಲ್ಲಿ ಅಗಲದ ಪರದೆಯವನಿಗೆ ಹೆಚ್ಚು ನೋಟ ದಕ್ಕಿದರೆ ಅನ್ಯಾಯವೆಂದು ಎಣಿಸಿ ಎಲ್ಲರಿಗೂ 16:9 ಚೌಕಟ್ಟನ್ನೇ ಕೊಡುತ್ತಾರೆ. 2022ರಲ್ಲಿ ಬಂದ ಎಲ್ಡನ್ ರಿಂಗ್ ಕೂಡ ಎರಡು ಬದಿಗೆ ಕಪ್ಪು ಪಟ್ಟಿ ಬಿಟ್ಟು ನಡುವೆ ಮಾತ್ರ ಆಡುತ್ತದೆ. ಪ್ಲೇಸ್ಟೇಷನ್ 5 ಈ ಪ್ರಮಾಣವನ್ನು ಗುರುತಿಸುವುದೇ ಇಲ್ಲ. ಆದುದರಿಂದ ಪರದೆ ಕೊಳ್ಳುವ ಮುನ್ನ ತಾನು ಆಡುವ ಆಟಗಳ ಪಟ್ಟಿ ಮಾಡುವುದು ವಿವೇಕ.

ಮಗನ ಪಟ್ಟಿಯ ಮೊದಲಲ್ಲಿ ಇದ್ದುದು ಯೂರೋ ಟ್ರಕ್ ಸಿಮ್ಯುಲೇಟರ್ 2. ಲಾರಿಯ ಚಾಲಕನಾಗಿ ಕುಳಿತು ಸರಕನ್ನು ದೇಶದಿಂದ ದೇಶಕ್ಕೆ ಒಯ್ಯುವ ಆಟ; ಕೊಲ್ಲುವುದಿಲ್ಲ, ಗೆಲ್ಲುವ ಅವಸರವೂ ಇಲ್ಲ. ಬ್ರಹ್ಮಾವರದಲ್ಲಿರುವ ಚಿಕ್ಕಪ್ಪನ ಮಗನೊಡನೆ ರಾತ್ರಿ ಅದನ್ನು ಆಡುತ್ತಾನೆ. ಊರಿನ ಸುದ್ದಿ ನಮಗಿಂತ ಮೊದಲು ಅವನಿಗೆ ಆ ದಾರಿಯಿಂದಲೇ ಮುಟ್ಟುತ್ತದೆ. ಅಂಗಡಿಯಲ್ಲಿ ಅಗಲದ ಪರದೆಯ ಮೇಲೆ ಆ ಆಟವನ್ನು ಕಂಡಾಗ ವ್ಯತ್ಯಾಸ ನಮಗೂ ತಿಳಿಯಿತು. ಕಣ್ಣು ರಸ್ತೆಯ ಮೇಲಿರುವಾಗಲೇ ಎಡಬಲದ ಕನ್ನಡಿಗಳು ಕಡೆಗಣ್ಣಿಗೆ ಸಿಗುತ್ತಿದ್ದವು. ನಮ್ಮಲ್ಲೊಬ್ಬರ ತಂದೆ ಉಡುಪಿ ಕಾರ್ಕಳದ ದಾರಿಯಲ್ಲಿ ಬಸ್ಸು ಓಡಿಸುತ್ತಿದ್ದವರು. ಡ್ರೈವರನ ಕಣ್ಣು ಎದುರಿಗಿದ್ದರೆ ಸಾಲದು, ಎರಡು ಕನ್ನಡಿಯಲ್ಲೂ ಇರಬೇಕೆಂಬುದು ಅವರ ಮಾತು. ಮೊಮ್ಮಗನು ಅವರನ್ನು ಸ್ಟಿಯರಿಂಗಿನ ಹಿಂದೆ ಕಂಡವನಲ್ಲ.

ಗ್ರಾಂಟ್ ರೋಡ್ ಸ್ಟೇಷನ್ನಿನ ಬಳಿಯ ಲ್ಯಾಮಿಂಗ್ಟನ್ ರೋಡಿನಲ್ಲೂ ವಾಶಿಯ ಅಂಗಡಿಗಳಲ್ಲೂ ನಾವು ನೋಡಿದ ಪರದೆಗಳೆಲ್ಲ ಹೂವು, ಜಲಪಾತಗಳ ಬೆಡಗಿನ ಚಿತ್ರಗಳನ್ನೇ ತೋರಿಸುತ್ತಿದ್ದವು. ನಾವು ಪೆನ್‌ಡ್ರೈವಿನಲ್ಲಿ ಒಯ್ದ ಸಂಚಿಕೆಯ ಪುಟವನ್ನು ತೆರೆಯಲು ಕೇಳಿದಾಗ ಅಂಗಡಿಯ ಹುಡುಗನು ಬೆರಗಾದರೂ ತೆರೆದು ತೋರಿಸಿದನು. ಓಎಲ್‌ಇಡಿ ಪರದೆಯ ಕಪ್ಪು ಅಪ್ಪಟ ಕಪ್ಪು. ಆದರೆ ಒಂದೇ ಬಿಳಿ ಹಾಳೆ ದಿನವೆಲ್ಲ ನಿಂತಲ್ಲಿ ಅದರ ಅಚ್ಚು ಉಳಿದೀತೆಂಬ ಭಯವುಂಟು, ಬೆಲೆಯೂ ಕೈಗೆಟುಕದು. ವಿಎ ಪರದೆ ಅಗ್ಗ, ಕತ್ತಲೆಯ ದೃಶ್ಯಕ್ಕೆ ಚೆನ್ನ. ಆದರೆ ಕತ್ತಲೆಯಲ್ಲಿ ಓಡುವ ವಸ್ತು ಅದರ ಮೇಲೆ ಮಸಿಯಂತೆ ಹರಡುವುದುಂಟು. ಐಪಿಎಸ್ ಪರದೆಯ ಕಪ್ಪು ಕೊಂಚ ಬೂದಿ. ಆದರೆ ಯಾವ ಬದಿಯಿಂದ ನೋಡಿದರೂ ಬಣ್ಣ ಕೆಡದು. ಇಬ್ಬರು ಒಟ್ಟಿಗೆ ಕುಳಿತು ಕರಡು ನೋಡುವವರಿಗೆ ಇದೇ ತಕ್ಕದ್ದು. ಬಾಗಿನ ವಿಷಯದಲ್ಲಿ 1500ಆರ್ ಎಂದರೆ ಒಂದೂವರೆ ಮೀಟರ್ ತ್ರಿಜ್ಯದ ವೃತ್ತದ ತುಂಡು. ಸಂಖ್ಯೆ ಇಳಿದಷ್ಟೂ ಬಾಗು ಹೆಚ್ಚು. ಸಾಲುಗಳು ಡೊಂಕಾಗಿ ಕಾಣಬಾರದೆಂದು ನಾವು ಕಡಿಮೆ ಬಾಗಿನದನ್ನೇ ಬಯಸಿದೆವು.

ತೆರಿಗೆಯೂ ಈ ಸಲ ನಮ್ಮ ಪರವಾಗಿತ್ತು. 32 ಇಂಚಿಗೆ ಮೀರಿದ ಮಾನಿಟರುಗಳ ಮೇಲೆ ಇದ್ದ ಶೇಕಡಾ 28ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿಯಿತು. ಮೂವತ್ತು ಸಾವಿರದ ಮೂಲಬೆಲೆಗೆ ಮೂರು ಸಾವಿರ ಉಳಿತಾಯ. ಅದರಲ್ಲಿ ಪರದೆಯನ್ನು ಮೇಜಿನಿಂದ ಎತ್ತಿ ಹಿಡಿಯುವ ಕಬ್ಬಿಣದ ತೋಳೊಂದು ಬಂದಿತು. ಎರಡಡಿ ಆಳದ ಮೇಜಿನಲ್ಲಿ ಹಾಳೆ ಹರವಲು ಜಾಗವಾಯಿತು.

ಕೊನೆಗೆ ತಂದದ್ದು 34 ಇಂಚಿನ, 3440×1440ರ, ಕೊಂಚವೇ ಬಾಗಿದ ಐಪಿಎಸ್ ಪರದೆ. ಹೊಲಿಗೆ ಯಂತ್ರ ಮಲಗುವ ಕೋಣೆಯ ಕಿಟಕಿಯ ಬಳಿಗೆ ಸರಿದಿದೆ. ಅಲ್ಲಿ ಬೆಳಕು ಚೆನ್ನಾಗಿದೆಯೆಂದು ಹೊಲಿಯುವವರೇ ಒಪ್ಪಿದ್ದಾರೆ. ಹಗಲು ಪರದೆ ನಮ್ಮದು. ರಾತ್ರಿ ಒಂಬತ್ತೂವರೆಯಿಂದ ಹನ್ನೊಂದೂವರೆಯವರೆಗೆ ಅವನದು, ಕಿವಿಗೆ ಹೆಡ್‌ಫೋನ್ ಇರತಕ್ಕದ್ದು.

ಐರೋಳಿಯ ಕೋಣೆಯ ಮಾತು ಇದರಿಂದ ಮುಗಿಯಿತೆಂದು ನಾವು ಬಗೆದಿಲ್ಲ. ರೆಕ್ಕೆ ಬಂದ ಮಕ್ಕಳನ್ನು ಎಂಬತ್ತು ಸೆಂಟಿಮೀಟರ್ ಗಾಜು ಕಟ್ಟಿ ಹಾಕಲಾರದು. ಕಟ್ಟಿ ಹಾಕಲೆಂದು ನಾವು ಅದನ್ನು ಕೊಂಡದ್ದೂ ಅಲ್ಲ. ದಿನವಿಡೀ ಇತರರ ಭುಜಗಳ ನಡುವೆ ನುಸುಳಿ ಬರುವವನಿಗೆ ತನ್ನ ಮನೆಯಲ್ಲಿ ಕೈಚಾಚಿ ಕುಳಿತುಕೊಳ್ಳುವಷ್ಟು ಎಡೆ ಇರಬೇಕೆಂಬುದು ನ್ಯಾಯವಾದ ಬೇಡಿಕೆ. ಪರದೆಯ ಪೆಟ್ಟಿಗೆಯನ್ನು ಮಾತ್ರ ಅವನು ಎಸೆಯಗೊಡಲಿಲ್ಲ, ಮಂಚದ ಅಡಿಯಲ್ಲಿಟ್ಟಿದ್ದಾನೆ. ವಾರಂಟಿಗೆ ಬೇಕಾಗುತ್ತದೆ ಎನ್ನುತ್ತಾನೆ. ಇದ್ದರೂ ಇರಬಹುದು.