ನೇರಳೆ ಹಣ್ಣಿನ ಒಗರು

ನಂದಿಬೆಟ್ಟದ ತಪ್ಪಲಿನ ದ್ರಾಕ್ಷಿ ತೋಟವೊಂದರಲ್ಲಿ ಏಳೆಂಟು ಗೆಳೆಯರು ವೈನ್ ರುಚಿ ನೋಡಲು ಕೂತಿದ್ದೆವು. ಗ್ಲಾಸನ್ನು ಹೇಗೆ ತಿರುಗಿಸಬೇಕೆಂದು ತೋರಿಸಿಕೊಟ್ಟ ಹುಡುಗ, 'ಏನು ವಾಸನೆ ಬರ್ತಿದೆ?' ಎಂದು ಕೇಳಿದ. ಒಬ್ಬಳು ಬ್ಲ್ಯಾಕ್‌ಬೆರಿ ಎಂದಳು, ಇನ್ನೊಬ್ಬ ಪ್ಲಮ್ ಎಂದ. ಬ್ಲ್ಯಾಕ್‌ಬೆರಿಯನ್ನು ನಾನು ಕಂಡವನೇ ಅಲ್ಲ. ಆದರೂ ತಲೆಯಾಡಿಸಿದೆ. ಅರ್ಥವಾಗದ ಎಷ್ಟೋ ಕವಿತೆಗಳಿಗೂ ಹೀಗೇ ತಲೆಯಾಡಿಸಿದ್ದೇನೆ.

ಒಂದು ಗುಟುಕು ಕುಡಿದೆ. ನಾಲಿಗೆ ಒಣಗಿ ಹಿಡಿದುಕೊಂಡಿತು. ಈ ಹಿಡಿತ ನನಗೆ ಗೊತ್ತಿತ್ತು. ಅಜ್ಜಿಯ ಊರಿನ ಕೆರೆ ಏರಿಯ ಮೇಲೆ ಉಪ್ಪು ಹಚ್ಚಿಕೊಂಡು ತಿನ್ನುತ್ತಿದ್ದ ನೇರಳೆ ಹಣ್ಣಿನದು. 'ಒಗರು' ಎಂದೆ, ಮೆಲ್ಲಗೆ.

ಹುಡುಗನ ಮುಖ ಅರಳಿತು. 'ಅದೇ ಸರ್, ಟ್ಯಾನಿನ್. ಕೆಂಪು ವೈನಿಗೆ ರಸವನ್ನ ಸಿಪ್ಪೆ, ಬೀಜದ ಜೊತೆಗೇ ಹುದುಗೋಕೆ ಬಿಡ್ತೀವಿ. ಒಗರು ಬರೋದು ಅಲ್ಲಿಂದ. ಬಿಳೀದಕ್ಕೆ ಮೊದಲೇ ರಸ ಹಿಂಡಿ ಸಿಪ್ಪೆ ತೆಗೆದುಬಿಡ್ತೀವಿ.'

ಆಮೇಲೆ ಬೇರೆಯವರ ಹಣ್ಣುಗಳನ್ನು ಹುಡುಕುವುದು ಬಿಟ್ಟೆ. ಶಿರಾಜ್‌ನಲ್ಲಿ ಕಾಳುಮೆಣಸು ಸಿಕ್ಕಿತು, ಬಿಳಿಯ ಸೊವಿನ್ಯೋಂ ಬ್ಲಾಂನಲ್ಲಿ ಸೀಬೆಹಣ್ಣು. ಎಲ್ಲರೂ ಹೊಗಳಿದ ದುಬಾರಿ ಬಾಟಲಿ ನನಗೆ ಹಿಡಿಸಲಿಲ್ಲ. ಓಕ್ ಪೀಪಾಯಿಯ ವಾಸನೆಯೇ ಮುಂದಾಗಿತ್ತು. ಹಾಗೆಂದು ಹೇಳಿಯೂ ಬಿಟ್ಟೆ. ಒಂದು ಕ್ಷಣ ಮೌನ. ಆಮೇಲೆ ಬ್ಲ್ಯಾಕ್‌ಬೆರಿಯ ಗೆಳತಿ, 'ನಂಗೂ ಹಾಗೇ ಅನ್ನಿಸ್ತು ಕಣೋ' ಎಂದಳು.

ಬರುವಾಗ ಒಂದು ಶಿರಾಜ್ ಕೊಂಡೆ. ಭಾನುವಾರ ಮನೆಯಲ್ಲಿ ಮಟನ್ ಸಾರಿನ ಜೊತೆ, ಸ್ಟೀಲ್ ಲೋಟದಲ್ಲೇ ಕುಡಿದೆ. ಸಾರಿನ ಕೊಬ್ಬು ತಾಗಿದ್ದೇ ಒಗರು ಮೆತ್ತಗಾಯಿತು. ಇನ್ನೊಂದು ಗುಟುಕು ಕುಡಿದೆ, ನಿಧಾನವಾಗಿ.